ಬೋರ್ಡೋ

ಉಮದಿಯಲ್ಲಿ ಈ ಹೆಸರಿನ ಬಣ್ಣ ನೀಲಿ.
ನೂರು ಲೀಟರು ನೀರು, ಒಂದು ಕಿಲೋ ಮೋರಚೂದ, ಒಂದು ಕಿಲೋ ಸುಣ್ಣ,
ಬೇರೆ ಬೇರೆ ಕರಗಿಸಿ
ಮೂರನೆಯ ಬ್ಯಾರಲ್ಲಿಗೆ ಒಟ್ಟಿಗೇ ಸುರಿಯಬೇಕು.
ಅಪ್ಪನ ಕೈಯಲ್ಲೊಂದು ಬಕೀಟು, ನನ್ನ ಕೈಯಲ್ಲೊಂದು,
ಎರಡು ಧಾರೆ ಗಾಳಿಯಲ್ಲೇ ಕೂಡಬೇಕು.
ಒಬ್ಬರು ಆತುರ ಮಾಡಿದರೂ
ಹಾಲಿನ ಹಾಗೆ ಒಡೆಯುತ್ತದೆ.

ಆಮೇಲೆ ಕುಡಗೋಲು ಅದ್ದುವುದು.
ಅಲಗು ಹೋದಂತೆಯೇ ಮೇಲೆ ಬಂದರೆ ಹದ.
ಕೆಂಪಡರಿದರೆ ಸುಣ್ಣ ಸಾಲದು,
ಎಲೆ ಸುಡುತ್ತದೆ.
ಏಳನೇ ಇಯತ್ತೆಯಲ್ಲಿದ್ದಾಗ ಕೇಳಿದ್ದೆ,
ಅಷ್ಟು ನೀಲಿಯೊಳಗೆ ಈ ಕೆಂಪು ಎಲ್ಲಿತ್ತು?
"ಇರತೈತಿ. ಕಬ್ಬಿಣ ಮುಟ್ಟಿದ್ರ ಹೊರಗ ಬರತೈತಿ."

ಬಾಟಲಿ ತಂದವನು ವೈನ್ ಕಂಪನಿಯ ಶಿಂತ್ರೆ.
ಎರಡೆಕರೆ ಬಿಳಿ ಬಳ್ಳಿ ಕಿತ್ತು
ಅವರ ಕಪ್ಪು ಜಾತಿ ಹಚ್ಚಿದ ವರ್ಷ ಅದು.
ತಿನ್ನಲು ಬಾರದ ಹಣ್ಣು:
ಬೀಜ ಗಡಸು, ಸಿಪ್ಪೆ ದಪ್ಪ,
ಕೇರಿಯ ಹುಡುಗರು ಕದ್ದು ತಿಂದು, ಉಗುಳಿ,
ನಮಗೇ ಬೈದು ಹೋಗುತ್ತಿದ್ದರು.
"ನಿಮ್ಮ ಹಣ್ಣು ಒಂದು ದಿನ ಹಿಂಗ ಆಗಬೇಕು ನೋಡ್ರಿ ಕಾಕಾ"
ಅಂದ ಶಿಂತ್ರೆ,
ಜಾಣ ಹುಡುಗನ ಉತ್ತರಪತ್ರಿಕೆ
ದಡ್ಡನ ಮುಂದೆ ಹಿಡಿಯುವ ಮಾಸ್ತರನ ಹಾಗೆ.

ಚೀಟಿಯ ಮೇಲೆ ಒಂದು ಮನೆ, ಒಂದು ಗೋಡೆ, ಎರಡು ಮರ.
ಮೇಲೆ, ನಮ್ಮ ಪುಡಿ ಪಾಕೀಟಿನ ಮೇಲಿದ್ದದ್ದೇ ಅಕ್ಷರ,
ಕಡೆಗೆ ಅದೇ ಸುಮ್ಮನೆ ಕೂತ ಎಕ್ಸು.
ಕೆಳಗಿನ ಸಾಲು ಶಿಂತ್ರೆಯೇ ಬಿಡಿಸಿ ಹೇಳಿದ:
"ಅಪ್ಪ ಮತ್ತು ಗಂಡುಮಕ್ಕಳು. ಐದು ತಲೆಮಾರು, ಒಂದೇ ಮನೆತನ."
ಅಪ್ಪ ಕೊರಳ ಕರಡಿಗೆ ಸರಿಮಾಡಿಕೊಂಡ.
ಕುಡಿಯುವ ಮಾತಿರಲಿಲ್ಲ. ಕೇಳಿದ್ದು ಇಷ್ಟೇ:
"ಹೆಣ್ಣುಮಕ್ಕಳು ಇರಲಿಲ್ಲೇನು ಅವರಿಗೆ?"
ಶಿಂತ್ರೆ ಬಾಟಲಿ ತಿರುವಿ
ಬೆನ್ನಿಗೂ ನೋಡಿದ.

ಹೆಸರು ಅದೇ ಆದ್ದರಿಂದ ಜಾಗವೂ ಅದೇ ಆಯಿತು:
ಔಷಧದ ತಗಡಿನ ಕಪಾಟು, ಮೋರಚೂದದ ಚೀಲದ ಪಕ್ಕ, ಕೀಲಿ.

ಮೂರನೇ ವರ್ಷ ಕಂಪನಿಯ ಗೇಟಿಗೂ ಕೀಲಿ.
ಕಪ್ಪು ಬಳ್ಳಿ ಎರಡು ಚಳಿಗಾಲ ಒಲೆಯಲ್ಲಿ ಉರಿಯಿತು,
ಅವ್ವ ಅದರ ಕೆಂಡದ ಮೇಲೆ ರೊಟ್ಟಿ ಉಬ್ಬಿಸಿದಳು,
ಹೊಗೆ ಸಿಹಿ ಅಂದಳು.
ಬುಡಕ್ಕೆ ಸೋನಾಕಾ ಕಸಿ ಕಟ್ಟಿದೆವು.
ಕಟ್ಟಿದವಳು ನಾನು. ನೂರಕ್ಕೆ ತೊಂಬತ್ತೊಂದು ಚಿಗುರಿದವು.
ಈಗ ಬೇದಾಣೆ ಶೆಡ್ಡಿನ ಲೆಕ್ಕದ ವಹಿಯಲ್ಲಿ
ಮೊದಲ ಪುಟದ ಹೆಸರು ಸುಗಲಾ.

ಪ್ರತಿ ಹಂಗಾಮು ಕಪಾಟು ತೆಗೆದಾಗ ಅಪ್ಪ ಅದನ್ನು ವಿಚಾರಿಸುತ್ತಿದ್ದ,
ಬೀಗರನ್ನು ವಿಚಾರಿಸಿದ ಹಾಗೆ.
ಅವರ ಊರಿನಲ್ಲಿ, ಹಾದಿಹೋಕರು ಹಣ್ಣು ಹರಿಯದಿರಲೆಂದು
ದಾರಿ ಬದಿಯ ಸಾಲಿಗೆ ಮೊದಲು ನೀಲಿ ಬಳಿದರಂತೆ;
ಬಳಿದ ಸಾಲಿಗೆ ಮಾತ್ರ ರೋಗ ಬರಲಿಲ್ಲವಂತೆ.
ಕೃಷಿ ಸಾಹೇಬರು ಹೇಳಿದ ಈ ಕತೆಗೆ
ಅಪ್ಪ ತನ್ನದೊಂದು ಸಾಲು ಸೇರಿಸಿದ್ದ:
"ಆ ಅಪ್ಪಗೂ ಉಗುರು ನೀಲಿನ ಇರಬೇಕು."

ಈ ಅಕ್ಟೋಬರ್ ಛಾಟಣಿ ಮುಗಿಸಿ ಕೀಲಿ ತೆಗೆದೆ.
ಹನ್ನೊಂದು ಬೇಸಿಗೆ ತಗಡಿನೊಳಗೆ ಬೆಂದು
ಬೂಚು ತಾನೇ ಅರ್ಧ ಎದ್ದಿತ್ತು.
ಚೀಟಿಯ ಮನೆಯ ಮೇಲಿಂದ, ಗೋಡೆ ದಾಟಿ,
ಒಂದು ಕಪ್ಪು ಗೆರೆ ಇಳಿದು ಒಣಗಿತ್ತು.
ವಾಸನೆ: ಹಳೆ ಹುಣಸೆ, ಮಸಿ, ತೊಯ್ದ ಗೋಣಿ,
ಇನ್ನೊಂದು ಏನೋ, ಹೆಸರು ಸಿಗಲಿಲ್ಲ.
ಬಾಗಿಲ ಕಡೆ ಬೆನ್ನು ಮಾಡಿ
ಬೆರಳದ್ದಿ ನಾಲಗೆಗೆ ಇಟ್ಟುಕೊಂಡೆ.

"ಹೆಂಗೈತಿ?"
ಕುಡಗೋಲು ಹಿಡಿದು ಅಪ್ಪ ಹೊಸ್ತಿಲಲ್ಲಿ.
ಎಷ್ಟೊತ್ತಿನಿಂದ ನಿಂತಿದ್ದನೋ.

"ಸುಣ್ಣ ಕಡಿಮಿ ಆಗೇತಿ," ಅಂದೆ.

ಅವನು ನಗಲಿಲ್ಲ.
ಕುಡಗೋಲು ಗೋಡೆಗೆ ಆನಿಸಿ
ನನ್ನ ಬಕೀಟು ನನ್ನ ಕಡೆ ಸರಿಸಿದ.